ಟ್ರ್ಯಾಕಲ್ಲಿ ಮಾತ್ರ ಓಡಿಸೋ ಕಿಟ್ ಕಾರಿಗೆ ಆಕ್ಸಿಜನ್ ಸೆನ್ಸರ್ ಬೇಕೇ ಬೇಕಾ?

ಅಡಿಕೆಶೆಡ್_ಗ್ಯಾರೇಜ್ (ತೀರ್ಥಹಳ್ಳಿ)
ನಮಸ್ಕಾರ ಎಲ್ರಿಗೂ. ನಾನು ನಮ್ ಭಾವ ಸೇರ್ಕೊಂಡು ಎರಡು ವರ್ಷದಿಂದ ಅಡಿಕೆ ಶೆಡ್ಡಲ್ಲಿ ಪೈಪ್ ಚಾಸಿದು ಒಂದು ಟೂ ಸೀಟರ್ ಕಟ್ತಾ ಇದೀವಿ, ಕೊನೆ ಕೊಯ್ಲು ಟೈಮಲ್ಲಿ ಎಲ್ಲ ಬಂದ್, ಹಂಗಾಗಿ ಇಷ್ಟು ಲೇಟು. ಇಂಜಿನ್ ಆಕ್ಸಿಡೆಂಟ್ ಆಗಿದ್ದ 2014ರ ಸ್ವಿಫ್ಟಿಂದು, 1197 ಸಿಸಿ ಪೆಟ್ರೋಲು, ವೈರಿಂಗು, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಕೀ ಸಮೇತ ತಂದಿದೀವಿ. ರಿಜಿಸ್ಟ್ರೇಷನ್ ಮಾಡ್ಸಲ್ಲ, ರೋಡಿಗೆ ಇಳಿಸಲ್ಲ, ಟ್ರಾಲಿ ಮೇಲೆ ಹಾಕ್ಕೊಂಡು ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗೋದು, ಬರೋದು, ಅಷ್ಟೇ. ಈಗ ಸೈಲೆನ್ಸರ್ ಲೈನ್ ಹೊಸದು ಮಾಡಿಸ್ತಿದೀವಿ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇಡ್ತಾ ಇಲ್ಲ. ಹೊಗೇಲಿ ಉಳಿದ ಆಕ್ಸಿಜನ್ ನೋಡೋ ಸೆನ್ಸರ್ ಕನ್ವರ್ಟರಿಗೆ ಮುಂದೊಂದು, ಹಿಂದೊಂದು ಇರ್ತದೆ. ಭಾವ ಹೇಳೋದು ಹೊಗೆ ಟೆಸ್ಟೇ ಇಲ್ಲ ಅಂದ್ಮೇಲೆ ಆ ಸೆನ್ಸರ್ ಎಂತಕ್ಕೆ, ಎರಡೂ ಕಿತ್ತು ಬಿಸಾಕು ಅಂತ. ವೆಲ್ಡಿಂಗ್ ಅಣ್ಣ ಪೈಪಿಗೆ ಸೆನ್ಸರ್ ತಿರುಗಿಸಿ ಕೂರಿಸೋ ನಟ್ ಎಷ್ಟು ಹಾಕ್ಲಿ ಅಂತ ದಿನಾ ಫೋನ್ ಮಾಡ್ತಾರೆ. ಎಂತ ಹೇಳದು?

ಸಾಗರ_ಸ್ಪ್ಯಾನರ್
ಎರಡನ್ನೂ ಒಂದೇ ತಕ್ಕಡಿಲಿ ಹಾಕ್ಬೇಡಿ ಮಾರಾಯ್ರೆ. ಹಿಂದಿನ ಸೆನ್ಸರ್ ಮುಖ್ಯವಾಗಿ ಕನ್ವರ್ಟರ್ ಕೆಲಸ ಮಾಡ್ತಿದೆಯಾ ಇಲ್ವಾ ನೋಡೋಕೆ ಇರೋದು, ಕನ್ವರ್ಟರೇ ಇಲ್ಲ ಅಂದ್ರೆ ಅದು ಯಜಮಾನ ಇಲ್ಲದ ಮನೆ ಕಾಯೋ ನಾಯಿ ಥರ. ತೆಗೆದ್ರೆ ಚೆಕ್ ಇಂಜಿನ್ ಲೈಟ್ ಉರೀತದೆ, ಸ್ಕ್ಯಾನರಲ್ಲಿ ಪಿ0136ರಿಂದ ಪಿ0141ರ ಒಳಗಿನ ಯಾವ್ದೋ ಕೋಡ್ ಬರ್ತದೆ, ಗಾಡಿ ಓಡೋದ್ರಲ್ಲಿ ಹೇಳ್ಕೊಳೋ ವ್ಯತ್ಯಾಸ ಇರಲ್ಲ. ಮುಂದಿಂದು ಬೇರೆ ಕಥೆ. ಕಂಪನಿ ಇಸಿಯು ಹಾಕ್ಕೊಂಡೇ ಓಡಿಸ್ತೀರಿ ಅಂದ್ರೆ ಅದಕ್ಕೆ ಇರೋ ಕಣ್ಣು ಅದೊಂದೇ. ಸುಮಾರು 0.1 ವೋಲ್ಟಿಂದ 0.9 ವೋಲ್ಟ್ ನಡುವೆ ಕುಣೀತಾ ಇರ್ತದೆ, ಕಮ್ಮಿ ಇದ್ರೆ ಲೀನ್ (ಪೆಟ್ರೋಲ್ ಸಾಲ್ತಿಲ್ಲ), ಜಾಸ್ತಿ ಇದ್ರೆ ರಿಚ್ (ಪೆಟ್ರೋಲ್ ಹೆಚ್ಚಾಗಿದೆ), ಅದನ್ನ ನೋಡ್ಕೊಂಡು ಇಸಿಯು ಪೆಟ್ರೋಲ್ ಏರ್ಸೋದು ಇಳಿಸೋದು ಮಾಡ್ತದೆ. ಕಿತ್ರೆ ಅಂದಾಜಿನ ಮೇಲೆ ನಡೀತದೆ.

ಹಳೇ_ಕಾರ್ಬುರೇಟರ್ (ಶಿವಮೊಗ್ಗ)
ನಮ್ ಕಾಲದಲ್ಲಿ ಯಾವ ಸೆನ್ಸರ್ ಇತ್ತು ಸ್ವಾಮಿ? ಪ್ಲಗ್ ಬಿಚ್ಚಿ ನೋಡದು, ಕಂದು ಬಣ್ಣ ಇದ್ರೆ ಸರಿ, ಕರ್ರಗಿದ್ರೆ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹೋಗೋ ತೂತು) ಚಿಕ್ಕದು, ಬೆಳ್ಳಗಿದ್ರೆ ದೊಡ್ದು ಹಾಕದು. ಇನ್ನೊಂದು, ಟ್ರ್ಯಾಕಲ್ಲಿ ಕಾಲು ಫುಲ್ ಒತ್ತಿಟ್ಟೇ ಇರ್ತೀರಲ್ಲ, ಫುಲ್ ಥ್ರಾಟಲಲ್ಲಿ ಇಸಿಯು ಆ ಮಾಮೂಲಿ ಸೆನ್ಸರ್ ಮಾತು ಕೇಳೋದೇ ಇಲ್ಲ, ಒಳಗಿರೋ ಮ್ಯಾಪ್, ಅಂದ್ರೆ ಮೊದ್ಲೇ ಬರೆದಿಟ್ಟ ಲೆಕ್ಕದ ಪ್ರಕಾರ ಪೆಟ್ರೋಲ್ ಹಾಕ್ತದೆ. ಮತ್ತೆ ಇದ್ದೇನು ಇಲ್ದೇ ಏನು?

ಸಾಗರ_ಸ್ಪ್ಯಾನರ್
ಫುಲ್ ಥ್ರಾಟಲ್ ವಿಷಯ ನೀವ್ ಹೇಳಿದ್ದು ಸರಿ ಸರ್, ಒಪ್ಪಿದೆ. ಆದ್ರೆ ನಿಧಾನಕ್ಕೆ ಓಡೋವಾಗ ಸೆನ್ಸರ್ ನೋಡಿ ಕಲಿತ ತಿದ್ದುಪಡಿನ ಎಷ್ಟೋ ಇಸಿಯುಗಳು ಫುಲ್ ಥ್ರಾಟಲಲ್ಲೂ ಸೇರಿಸ್ಕೊಳ್ತಾವೆ. ಇಲ್ಲಿ ಬರ್ತದೆ ಈಗಿನ ಪೆಟ್ರೋಲ್ ಕಿತಾಪತಿ. ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಬಂಕಲ್ಲಿ ಈಗ ಕೊಡೋ ಇ20ಗೆ (ನೂರಕ್ಕೆ 20 ಪಾಲು ಎಥನಾಲ್ ಬೆರೆತಿದ್ದು) 13.5ರ ಆಸುಪಾಸು ಸಾಕು, ಅಂದ್ರೆ ಅದೇ ಗಾಳಿಗೆ ಪೆಟ್ರೋಲ್ ಜಾಸ್ತಿ ಹೋಗ್ಬೇಕು. 2014ರ ಗಾಡಿ ಮ್ಯಾಪು ಇ20 ಗೊತ್ತಿಲ್ದೇ ಇರೋ ಕಾಲದ್ದು. ಸೆನ್ಸರ್ ಇದ್ರೆ ಇಸಿಯು ತಾನೇ ಕಲ್ತು ಸರಿ ಮಾಡ್ಕೊಳ್ತದೆ, ಕಿತ್ರೆ ಹಳೇ ಲೆಕ್ಕದಲ್ಲೇ ಹಾಕಿ ಇಂಜಿನ್ ಲೀನ್ ಓಡ್ತದೆ, ಅದೂ ಟ್ರ್ಯಾಕಲ್ಲಿ ಲ್ಯಾಪ್ ಮೇಲೆ ಲ್ಯಾಪ್ ಹೊಡೀತಾ ಬಿಸಿ ಏರ್ತಿರೋವಾಗ. ಪ್ಲಗ್ ಬಿಚ್ಚಿ ನೋಡೋ ಹೊತ್ತಿಗೆ ಪಿಸ್ಟನ್ ಹೋಗಿರ್ತದೆ.

ಮೂಡಿಗೆರೆ_ಮಣ್ಣು
ಬೇಕು ಬೇಡ ಜಗಳ ನೀವು ಮುಗಿಸ್ಕೊಳಿ, ನಾನು ಎಲ್ಲಿ ಕೂರಿಸ್ಬೇಕು ಅಂತ ಹೇಳ್ತೀನಿ, ನಾನು ತಿಂದ ಪೆಟ್ಟು ಬೇರೆಯವ್ರು ತಿನ್ನೋದು ಬೇಡ. ನನ್ನ ಜಿಪ್ಸಿ ಇಂಜಿನ್ ಹಾಕಿದ ಬಗ್ಗಿ ಗಾಡಿಗೆ ಸೆನ್ಸರ್ ನಟ್ ಪೈಪಿನ ಅಡಿಗೆ ವೆಲ್ಡ್ ಮಾಡ್ಸಿದ್ದೆ, ನೋಡೋಕೆ ಚಂದ ಇತ್ತು. ನಮ್ಮೂರ ಥಂಡಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಸೈಲೆನ್ಸರ್ ಒಳಗೆ ನೀರು ಕಟ್ಟೋದು ಗೊತ್ತಲ್ಲ, ಬಾಯಿಂದ ತೊಟ್ಟಿಕ್ತಿರ್ತದೆ, ಆ ನೀರು ಕಾದ ಸೆನ್ಸರ್ ಮೇಲೆ ಕೂತು ಒಳಗಿನ ಪಿಂಗಾಣಿ ಚಟ್ ಅಂತ ಸೀಳ್ತು. ಒಂದಲ್ಲ, ಎರಡು ಸೆನ್ಸರ್ ಹೋದ್ಮೇಲೆ ಬುದ್ಧಿ ಬಂತು. ಪೈಪನ್ನ ಗಡಿಯಾರ ಅಂದ್ಕೊಳಿ, ಹತ್ತು ಗಂಟೆಯಿಂದ ಎರಡು ಗಂಟೆ ಒಳಗೆ ಕೂರಿಸಿ. ಥ್ರೆಡ್ 18 ಎಂಎಂ, 1.5 ಪಿಚ್.

ಆಮೇಲೆ ಲೀಕ್. ಇಂಜಿನ್ನಿಗೆ ಸೈಲೆನ್ಸರ್ ಲೈನ್ ಸೇರೋ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹತ್ರ ಕೂದಲೆಳೆ ಗ್ಯಾಪ್ ಇತ್ತು, ಹೊಗೆ ಆಚೆ ಹೋಗೋದಷ್ಟೇ ಅಲ್ಲ, ಒಂದು ಹೊಡೆತಕ್ಕೂ ಇನ್ನೊಂದು ಹೊಡೆತಕ್ಕೂ ಮಧ್ಯ ಹೊರಗಿನ ಗಾಳಿನೂ ಒಳಗೆ ಎಳ್ಕೊಳ್ತದೆ. ಸೆನ್ಸರ್ ಲೀನ್ ಲೀನ್ ಅಂತ ಕೂಗ್ತು, ಇಸಿಯು ಪಾಪ ಪೆಟ್ರೋಲ್ ಕುಡಿಸ್ತಾ ಹೋಯ್ತು, ನಾಕೂ ಪ್ಲಗ್ ಮಸಿ. ಇಡೀ ಭಾನುವಾರ ಇಂಜೆಕ್ಟರ್ ಬೈಕೊಂಡು ಕೂತಿದ್ದೆ. ಗ್ಯಾಸ್ಕೆಟ್‌ಗೆ ಸಿಕ್ಕ ಸಿಕ್ಕ ಸಿಲಿಕೋನ್ ಗಮ್ ಬಳೀಬೇಡಿ, ಅದ್ರ ಆವಿಗೂ ಸೆನ್ಸರ್ ಸಾಯ್ತದೆ.

ಮುಂದೆ ಹೊರಗಿನ ಇಸಿಯು ಹಾಕೋ ಆಲೋಚನೆ ಇದ್ರೆ ಈಗ್ಲೇ ಇನ್ನೊಂದು ನಟ್ ಕೂರಿಸ್ಕೊಳಿ, ವೈಡ್‌ಬ್ಯಾಂಡಿಗೆ. ಮಾಮೂಲಿ ಸೆನ್ಸರ್ ಲೀನಾ ರಿಚ್ಚಾ ಅಷ್ಟೇ ಹೇಳ್ತದೆ, ಎಷ್ಟು ಅಂತ ಹೇಳೋದು ವೈಡ್‌ಬ್ಯಾಂಡ್. ಟ್ಯೂನ್ ಮುಗಿದ್ಮೇಲೆ ಬಿಚ್ಚಿಟ್ರೂ ನಡೀತದೆ, ಆದ್ರೆ ವೈರ್ ತೆಗ್ದು ಸೆನ್ಸರ್ ಪೈಪಲ್ಲೇ ಬಿಟ್ಟು ಗಾಡಿ ಓಡಿಸ್ಬೇಡಿ, ಅದ್ರೊಳಗಿನ ಹೀಟರ್ ಕೆಲಸ ಮಾಡದೇ ಮಸಿ ಹಿಡೀತದೆ. ಬಿಚ್ಚಿ, ಬೋಲ್ಟ್ ಹಾಕಿ ಮುಚ್ಚಿ.

ಹಳೇ_ಕಾರ್ಬುರೇಟರ್ (ಶಿವಮೊಗ್ಗ)
ಇ20 ವಿಷಯ ನನ್ ತಲೇಲಿ ಇರ್ಲಿಲ್ಲ. ಸರಿ, ಮುಂದಿಂದು ಇಟ್ಕೊಳಿ. ಆದ್ರೂ ಪ್ಲಗ್ ಬಿಚ್ಚಿ ನೋಡೋದು ಬಿಡ್ಬೇಡಿ, ಮೇಲೆ ಹೇಳಿದ್ರಲ್ಲ ಸೆನ್ಸರ್ ಲೀನ್ ಅಂದಿದ್ದು ಸುಳ್ಳು ಅಂತ, ಮಸಿ ತೋರ್ಸಿದ್ದು ಪ್ಲಗ್ಗೇ ತಾನೇ?

ಅಡಿಕೆಶೆಡ್_ಗ್ಯಾರೇಜ್ (ತೀರ್ಥಹಳ್ಳಿ)
ಎಲ್ರಿಗೂ ಥ್ಯಾಂಕ್ಸ್. ಹಿಂದಿಂದು ತೆಗೀತೀವಿ, ಮುಂದಿಂದು ಇರ್ತದೆ, ಅದ್ರ ಪಕ್ಕ ವೈಡ್‌ಬ್ಯಾಂಡಿಗೆ ಇನ್ನೊಂದು ನಟ್, ಎರಡೂ ಮೇಲ್ಮುಖ. ವೆಲ್ಡಿಂಗ್ ಅಣ್ಣಂಗೆ ಹತ್ತು ಗಂಟೆ ಎರಡು ಗಂಟೆ ಲೆಕ್ಕ ಫೋನಲ್ಲಿ ಹೇಳಿದ್ದಕ್ಕೆ ಅವ್ರು ನಾಳೆ ಹತ್ತು ಗಂಟೆಗೆ ಬನ್ನಿ ಅಂತ ತಿಳ್ಕೊಂಡಿದಾರೆ, ಹೋಗಿ ಚಾಕ್ ಪೀಸಲ್ಲಿ ಗುರುತು ಹಾಕಿ ಬರ್ತೀನಿ. ಭಾವಂಗೆ ಇನ್ನೂ ಹೇಳಿಲ್ಲ.