ಸೇದುಬಾವಿಯ ನೀರಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಪ್ರಶ್ನೆ:
ನಮ್ಮ ಊರಂಚಿನ ಕೇರಿಯ ಮೂವತ್ತು ಮನೆಗಳಿಗೆ ನಲ್ಲಿ ಇನ್ನೂ ಬಂದಿಲ್ಲ. ಎಲ್ಲರೂ ಒಂದೇ ಸೇದುಬಾವಿಯನ್ನು ನಂಬಿದ್ದಾರೆ. ಕಳೆದ ಮಳೆಗಾಲದಲ್ಲಿ ವಾಂತಿಭೇದಿ ಹಬ್ಬಿದಾಗ ನಾವು ಕೆಲವರು ಸೇರಿ ಒಂದು ಕಿಲೋ ಬ್ಲೀಚಿಂಗ್ ಪೌಡರನ್ನು ನೇರವಾಗಿ ಬಾವಿಗೆ ಸುರಿದೆವು. ನೀರು ಬಾಯಿಗಿಡಲಾಗದಷ್ಟು ನಾರಿ, ಹೆಂಗಸರು ಕೆರೆಯ ನೀರು ಹೊತ್ತು ತಂದರು. ಈಗ ಪೌಡರಿನ ಹೆಸರೆತ್ತಿದರೆ ಬಯ್ಯುತ್ತಾರೆ. ಬಾವಿಯ ವ್ಯಾಸ 6 ಅಡಿ, ನೀರು 10 ಅಡಿ ಇದೆ. ದಿನವೂ ಕುದಿಸುವಷ್ಟು ಸೌದೆ ಯಾರಲ್ಲೂ ಇಲ್ಲ. ಸರಿಯಾದ ಅಳತೆ ಯಾವುದು?

ಉತ್ತರ 1:
ನಿಮ್ಮ ಬಾವಿಯಲ್ಲಿರುವುದು ಸುಮಾರು 8,000 ಲೀಟರ್ ನೀರು. ಶೇ. 33ರಷ್ಟು ಕ್ಲೋರಿನ್ ಇರುವ ಹೊಸ ಪೌಡರಾದರೆ 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 20 ಗ್ರಾಂ ಸಾಕು. ನೀವು ಹಾಕಿದ್ದು ಅದರ ಐವತ್ತು ಪಟ್ಟು, ಆದ್ದರಿಂದ ಹೆಂಗಸರು ಬಯ್ದದ್ದು ನ್ಯಾಯವೇ. ಪೌಡರನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಮುಕ್ಕಾಲು ಭಾಗ ನೀರು ತುಂಬಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣದ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು, ಅದನ್ನು ಹಗ್ಗದಿಂದ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಹಲವು ಸಲ ಆಡಿಸಿರಿ. ಒಂದು ಗಂಟೆ ಯಾರೂ ಸೇದಬಾರದು. ರಾತ್ರಿ ಹಾಕಿದರೆ ಈ ತೊಂದರೆಯೇ ಇಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಮಣ್ಣು, ಕೊಳೆತ ಎಲೆಗಳೇ ಕ್ಲೋರಿನ್ನನ್ನು ತಿಂದುಹಾಕುವುದರಿಂದ ಈ ಅಳತೆ ಸಾಲದೆ ಹೋಗಬಹುದು. ಆರೋಗ್ಯ ಕಾರ್ಯಕರ್ತರಲ್ಲಿರುವ, ಕ್ಲೋರಿನ್ ಪರೀಕ್ಷಿಸುವ ಓ.ಟಿ. (ಆರ್ಥೋಟಾಲಿಡಿನ್) ದ್ರಾವಣವನ್ನು ಮಾದರಿ ನೀರಿಗೆ ಹಾಕಿದೊಡನೆ ಹಳದಿ ಬಣ್ಣ ಬಂದರೆ ಕ್ಲೋರಿನ್ ಉಳಿದಿದೆ ಎಂದರ್ಥ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪರೀಕ್ಷಿಸಿದ ನೀರನ್ನು ಚೆಲ್ಲಿಬಿಡಿ, ಆ ದ್ರಾವಣ ವಿಷಕಾರಿ.

ಉತ್ತರ 2:
ವಾಸನೆ ಒಗ್ಗದವರಿಗೆ ಬಿಸಿಲೂ ಒಂದು ದಾರಿ. ಬಣ್ಣವಿಲ್ಲದ ಪೆಟ್ (ತಂಪುಪಾನೀಯದ ಪ್ಲಾಸ್ಟಿಕ್) ಬಾಟಲಿಯಲ್ಲಿ ತಿಳಿನೀರು ತುಂಬಿ, ತಗಡಿನ ಮಾಡಿನ ಮೇಲೆ ಮಲಗಿಸಿ, ಒಳ್ಳೆಯ ಬಿಸಿಲಿನಲ್ಲಿ ಆರು ಗಂಟೆ ಬಿಟ್ಟರೆ ಅತಿನೇರಳೆ ಕಿರಣ ಮತ್ತು ಶಾಖ ಸೇರಿ ರೋಗಾಣುಗಳನ್ನು ಕೊಲ್ಲುತ್ತವೆ. ಈ ವಿಧಾನವನ್ನು 1980ರ ಸುಮಾರಿಗೆ ಲೆಬನಾನಿನ ಬೈರೂತಿನಲ್ಲಿ ಪರೀಕ್ಷಿಸಿದರು, ಆಮೇಲೆ ಸ್ವಿಟ್ಜರ್ಲೆಂಡಿನ ಜಲಸಂಶೋಧನಾ ಸಂಸ್ಥೆ ಈವಾಗ್ ಬೆಳೆಸಿತು. ಮೋಡವಿದ್ದರೆ ಎರಡು ದಿನ ಬೇಕು. ಎಂದರೆ ನಿಮಗೆ ಅತಿ ಅಗತ್ಯವಿರುವ ಮಳೆಗಾಲದಲ್ಲೇ ಇದು ಕೈಕೊಡುತ್ತದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಉತ್ತರ 3:
ಬಾವಿಯ ಜೊತೆಗೆ ಮನೆಯ ಕೊಡವನ್ನೂ ನೋಡಿರಿ. ಅಗಲ ಬಾಯಿಯ ಪಾತ್ರೆಗೆ ಮಕ್ಕಳು ಕೈಯೊಡನೆ ಲೋಟ ಅದ್ದಿದರೆ ಶುದ್ಧ ನೀರೂ ಕೆಡುತ್ತದೆ. ಮುಚ್ಚಳವೂ ನಲ್ಲಿಯೂ ಇರುವ ಡ್ರಮ್ ಮೇಲು. ಇನ್ನೊಂದು ಮಾತು: ಪಾವಗಡ, ಕೋಲಾರದ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ಕ್ಲೋರಿನ್ನಿಗೂ ಬಿಸಿಲಿಗೂ ಹೋಗುವುದಿಲ್ಲ, ಅದರ ಚಿಕಿತ್ಸೆಯೇ ಬೇರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ, 20 ಗ್ರಾಮಿನ ಪೊಟ್ಟಣಗಳನ್ನು ವರ್ಷಕ್ಕಾಗುವಷ್ಟು ಕಾಗದದಲ್ಲಿ ಕಟ್ಟಿಡೋಣ ಎಂದುಕೊಂಡಿದ್ದೇವೆ.

ಉತ್ತರ 1:
ಕಾಗದದಲ್ಲಿ ಕಟ್ಟಬೇಡಿ. ಗಾಳಿ, ತೇವ, ಬೆಳಕು ತಾಗಿದಂತೆ ಪೌಡರಿನ ಕ್ಲೋರಿನ್ ಹಾರಿಹೋಗುತ್ತದೆ. ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕತ್ತಲೆಯ ತಂಪು ಜಾಗದಲ್ಲಿಟ್ಟು, ಆಯಾ ದಿನದ್ದನ್ನು ಆಗಲೇ ತೂಗಿಕೊಳ್ಳಿ; ಒಮ್ಮೆಗೆ ಒಂದೆರಡು ತಿಂಗಳಿಗಿಂತ ಹೆಚ್ಚು ತರಬೇಡಿ.