ಅಪ್‌ಡೇಟ್: ಹಿರಿಯರಿದ್ದ ಗುಂಪಿನ ಜೊತೆ ಒಂದೇ ದಿನದಲ್ಲಿ ಅಂಕೋರ್

ಕಾಂಬೋಡಿಯಾದ ಅಂಕೋರ್ ವಾಟ್, ಬಯೋನ್, ತಾ ಪ್ರೋಮ್ ಮೂರೂ ದೇವಾಲಯಗಳನ್ನು ಒಂದೇ ದಿನದಲ್ಲಿ, ಗುಂಪಿನ ಹಿರಿಯರಿಗೆ ಸುಸ್ತಾಗದ ಹಾಗೆ ನೋಡುವುದು ಹೇಗೆ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು "ಮಧ್ಯಾಹ್ನ ರೂಮಿಗೆ ಬಂದು ಮಲಗಿ, ಅಂಕೋರ್ ವಾಟ್ ಕೊನೆಗಿರಲಿ" ಎಂಬ ಸಲಹೆ. ಬೆಳಿಗ್ಗೆ ಬೇಗ ತಾ ಪ್ರೋಮ್, ಬಯೋನ್ ಮುಗಿಸಿದೆವು. ಬಿಸಿಲು ಏರುವ ಹೊತ್ತಿಗೆ ಎಲ್ಲರೂ ಹತ್ತಿರದ ಊರು ಸಿಯೆಮ್ ರೀಪ್‌ನಲ್ಲಿ ಫ್ಯಾನ್ ಕೆಳಗೆ! ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸಂಜೆ ಬಿಸಿಲಿಗೆ ಗೋಪುರಗಳು ಚೆನ್ನಾಗಿ ಕಾಣುತ್ತವೆ.

ಅಲ್ಲಿಗೆ ಪೂರ್ವದ ಬಾಗಿಲಿನಿಂದ ಹೋಗಿ ಅಂದವರಿಗೆ ದೊಡ್ಡ ನಮಸ್ಕಾರ. ಜನ ಕಡಿಮೆ, ದಾರಿಯುದ್ದಕ್ಕೂ ಮರದ ನೆರಳು. ಒಳಗೆ ಹೋದರೆ ಸಮುದ್ರ ಮಥನದ ಕೆತ್ತನೆ ಹತ್ತಿರದಲ್ಲೇ ಇದೆ. ಸುಮಾರು 49 ಮೀಟರ್ ಉದ್ದ! ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ಎಲ್ಲರ ಕೈಯಲ್ಲೂ ವಾಸುಕಿ. ನಡುವೆ ವಿಷ್ಣು, ಕೆಳಗೆ ಆಮೆ, ತುಂಡಾದ ಮೀನುಗಳು. ಹಿರಿಯರು ಅಲ್ಲಿಂದ ಕದಲಲೇ ಇಲ್ಲ. ಕಥೆ ಗೊತ್ತಿದ್ದವರಿಗೆ ಗೈಡೇ ಬೇಡ ಅಲ್ವಾ?

ಆಗದೇ ಹೋಗಿದ್ದು ಒಂದೇ ದೊಡ್ಡ ವ್ಯಾನ್ ಮಾಡುವ ಸಲಹೆ. ಒಬ್ಬರಿಗಾಗಿ ಎಲ್ಲರೂ ಕಾಯಬೇಕಾಗುತ್ತಿತ್ತು. ಮಧ್ಯಾಹ್ನ ಟುಕ್‌ಟುಕ್‌ಗಳಿಗೆ ಬದಲಾಯಿಸಿದ ಮೇಲೆ ಆರಾಮಾಯಿತು.

ಅಂಕೋರ್ ವಾಟ್‌ನ ಎಲ್ಲಕ್ಕಿಂತ ಮೇಲಿನ ಹಂತವಾದ ಬಾಕನ್‌ನ ಮೆಟ್ಟಿಲು ತುಂಬಾ ಕಡಿದಾಗಿವೆ. ಹುಡುಗರು ಮಾತ್ರ ಹತ್ತಿದರು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. 12 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಇನ್ನೊಂದು, ಪ್ರವೇಶದ ಪಾಸಿನಲ್ಲಿ ಅವರವರ ಫೋಟೋ ಇರುತ್ತದೆ. ಗುಂಪು ಬೇರೆಯಾಗುವ ಮೊದಲು ಅವರವರ ಪಾಸ್ ಅವರವರ ಕೈಗೇ ಕೊಟ್ಟುಬಿಡಿ.