ಸಾಮೂಹಿಕ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಓಡಿಸಿದ್ದಕ್ಕಿಂತ ನಿಂತದ್ದೇ ಹೆಚ್ಚು: ಎಲ್ಲ ಕಡೆಯೂ ಹೀಗೆಯೇ?

ಕಡೆಯ ಗೇರು ಕೇಳಿದ್ದು:

ದೊಡ್ಡದೊಂದು ಮೌಂಟನ್ ಬೈಕ್ ಸ್ಪರ್ಧೆಗೆ ಹೋಗಿ ಬಂದೆ. ಯಾವುದು ಎಂದು ಹೇಳುವುದಿಲ್ಲ. ಹೆಸರು ಹೇಳಿದರೆ ಚರ್ಚೆಯೆಲ್ಲ ಆ ಆಯೋಜಕರ ಸುತ್ತಲೇ ಗಿರಕಿ ಹೊಡೆಯುತ್ತದೆ, ನನ್ನ ಪ್ರಶ್ನೆ ಇದ್ದಲ್ಲೇ ಉಳಿಯುತ್ತದೆ.

ಸುಮಾರು ಸಾವಿರ ಸವಾರರು. ಒಂದೇ ಗುಂಡಿನ ಸದ್ದಿಗೆ ಎಲ್ಲರೂ ಹೊರಡಬೇಕು. ಮೊದಲ ನಾಲ್ಕು ಕಿಲೋಮೀಟರ್ ಅಗಲವಾದ ಜಲ್ಲಿ ರಸ್ತೆ. ಅಲ್ಲಿಯವರೆಗೆ ಯಾವ ತಕರಾರೂ ಇಲ್ಲ. ಅಷ್ಟೊಂದು ಟೈರುಗಳು ಒಟ್ಟಿಗೆ ಉರುಳುವ ಸದ್ದಿನ ಮಧ್ಯೆ ಪೆಡಲ್ ತುಳಿಯುವುದಕ್ಕೆ ಬೇರೆಯದೇ ಖುಷಿಯಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ರಸ್ತೆ ಬಿಟ್ಟು ಎಡಕ್ಕೆ ಹೊರಳಿದರೆ ಎರಡು ಮರಗಳ ನಡುವೆ ಸಿಂಗಲ್‌ಟ್ರ್ಯಾಕ್, ಅಂದರೆ ಒಂದೇ ಸೈಕಲ್ ಹಿಡಿಸುವ ಕಾಲುದಾರಿ, ಶುರು. ಈಗಿನ ಹ್ಯಾಂಡಲ್‌ಬಾರ್‌ಗಳು 760, 780, ಕೆಲವು 800 ಮಿಲಿಮೀಟರ್ ಅಗಲ ಇರುತ್ತವೆ. ಆ ಮರಗಳ ನಡುವಿನ ಜಾಗ ಅದಕ್ಕಿಂತ ಒಂದು ಗೇಣು ಹೆಚ್ಚಿದ್ದರೆ ಅದೇ ದೊಡ್ಡದು. ಸ್ವಲ್ಪ ಒಳಗೆ ಹೋದರೆ ಅಡ್ಡಡ್ಡವಾಗಿ ಹಬ್ಬಿದ ಬೇರುಗಳು, ಅದರ ಮೇಲೆ ಮೊಣಕಾಲೆತ್ತರದ ಏರು.

ಒಂಟಿಯಾಗಿ ಬಂದರೆ ಆ ಏರನ್ನು ಯಾರು ಬೇಕಾದರೂ ಹತ್ತಿಸಬಹುದು. ಆದರೆ ಮುಂದಿನವನು ಒಂದು ಕಾಲು ಊರಿದ. ಅವನ ಹಿಂದಿನವನು ಊರಿದ. ಅಲ್ಲಿಂದ ಹಿಂದಕ್ಕೆ ಎಲ್ಲರೂ ಇಳಿದರು. ನಾನು ತಲುಪುವ ಹೊತ್ತಿಗೆ ಮರಗಳ ಮುಂದೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮುಕ್ಕಾಲು ಗಂಟೆ ನಿಂತೆ. ಉತ್ಪ್ರೇಕ್ಷೆಯಲ್ಲ, ಸೈಕಲ್ ಕಂಪ್ಯೂಟರ್ ಚಲಿಸಿದ ಸಮಯ ಮತ್ತು ಒಟ್ಟು ಸಮಯ ಎರಡನ್ನೂ ಬೇರೆಬೇರೆ ತೋರಿಸುತ್ತದೆ. ಹಿಂದಿನವರ ಮುಂದಿನ ಚಕ್ರ ಮತ್ತೆಮತ್ತೆ ನನ್ನ ಹಿಂಬದಿ ಡಿರೇಲರ್‌ಗೆ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬಡಿಯುತ್ತಿತ್ತು. ತಿರುಗಿ ನೋಡಿದರೆ ಅವರು ನನ್ನತ್ತ ನೋಡುತ್ತಲೇ ಇರಲಿಲ್ಲ, ಅವರನ್ನು ಇನ್ನಾರೋ ತಳ್ಳುತ್ತಿದ್ದರು. ಮುಂದೆ ಇಳಿಜಾರಿನಲ್ಲಿ ಸಣ್ಣ ಗೇರುಗಳಿಗೆ ಚೈನು ಇಳಿಯಲೇ ಇಲ್ಲ, ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗಿತ್ತು. ಆ ಇಳಿಜಾರಿನಲ್ಲಿಯೂ ಒಬ್ಬರ ಬೆನ್ನಿಗೆ ಒಬ್ಬರು. ಬ್ರೇಕ್ ಬಿಟ್ಟರೆ ಮುಂದಿನವರ ಮೇಲೆ, ಹಿಡಿದೇ ಹೋದರೆ ಪ್ಯಾಡ್ ಸುಟ್ಟ ವಾಸನೆ. ಇದೆಲ್ಲ ಆದ ಮೇಲೆ ಎರಡನೇ ತಪಾಸಣಾ ಸ್ಥಳದಲ್ಲಿ ತಡೆದು, "ನಿಗದಿತ ಸಮಯ ಮುಗಿದಿದೆ" ಎಂದರು. ಸಮಯ ಲೆಕ್ಕ ಹಾಕಿದ್ದು ಗುಂಡು ಹಾರಿದ ಕ್ಷಣದಿಂದ. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ.

ಜನ ಹೆಚ್ಚಾದರೆ ಹೀಗಾಗುವುದು ಸಹಜವೇ, ಅಥವಾ ತಪ್ಪಿಸಬಹುದಾದದ್ದೇ? ತಪ್ಪಿಸಬಹುದು ಎಂದಾದರೆ ಆಯೋಜಕರನ್ನು ನಿರ್ದಿಷ್ಟವಾಗಿ ಏನೆಂದು ಕೇಳಬೇಕು? "ಮುಂದಿನ ವರ್ಷ ಸರಿಪಡಿಸುತ್ತೇವೆ" ಎಂದು ಮೂಗಿಗೆ ತುಪ್ಪ ಸವರುವ ಉತ್ತರ ಬಾರದಂತೆ ಬರೆಯಬೇಕು ಎಂಬುದು ನನ್ನ ಆಸೆ.

ಮೊದಲ ಸಾಲು ಉತ್ತರಿಸಿದ್ದು:

ಕಹಿ ಎನಿಸಿದರೆ ಕ್ಷಮಿಸಿ. ಆ ಜಲ್ಲಿ ರಸ್ತೆಯಲ್ಲಿ ಜೋರಾಗಿ ತುಳಿದಿದ್ದರೆ ಸಿಂಗಲ್‌ಟ್ರ್ಯಾಕ್‌ಗೆ ಮೊದಲ ನೂರರೊಳಗೆ ನುಗ್ಗುತ್ತಿದ್ದಿರಿ, ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಸ್ಪರ್ಧೆ ಎಂದರೆ ಅದೇ. ಮುಂದಿನ ಸಾಲಿನಲ್ಲಿ ನಿಲ್ಲಲು ನಾನು ಕತ್ತಲಿರುವಾಗಲೇ ಬಂದು ಸೈಕಲ್ ನಿಲ್ಲಿಸುತ್ತೇನೆ. ಫ್ರಾನ್ಸಿನ ಆಲ್ಪ್ ದ್ಯುಎಜ್‌ನಲ್ಲಿ ನಡೆಯುವ ಮೆಗಾವಲಾಂಶ್ ಸ್ಪರ್ಧೆ ನೋಡಿ: ಸುಮಾರು 3,330 ಮೀಟರ್ ಎತ್ತರದ ಪಿಕ್ ಬ್ಲಾನ್ ತುದಿಯಿಂದ ನೂರಾರು ಜನ ಒಟ್ಟಿಗೆ ಹಿಮದ ಮೇಲೆ ಜಾರುತ್ತ ಇಳಿಯುತ್ತಾರೆ. ಆ ನೂಕುನುಗ್ಗಲಿಗೆಂದೇ ಹೋಗುವವರಿದ್ದಾರೆ. ಎಲ್ಲವನ್ನೂ ಬ್ಯಾಚ್ ಮಾಡಿ, ಬೇಲಿ ಹಾಕಿ, ಸಾಲು ಹಚ್ಚಿದರೆ ಉಳಿಯುವುದೇನು?

ಬಿಳಿ ಬಾವುಟ ಉತ್ತರಿಸಿದ್ದು:

ಕೆಲವು ವರ್ಷಗಳಿಂದ ಇಂಥ ಸ್ಪರ್ಧೆಗಳಲ್ಲಿ ಮಾರ್ಷಲ್ ಆಗಿ, ಅಂದರೆ ದಾರಿಯಲ್ಲಿ ಸವಾರರನ್ನು ನೋಡಿಕೊಳ್ಳುವವನಾಗಿ, ನಿಲ್ಲುತ್ತಿದ್ದೇನೆ. ನನ್ನನ್ನು ನಿಲ್ಲಿಸುವುದೂ ಇಂಥ ಎರಡು ಮರಗಳ ಪಕ್ಕದಲ್ಲಿಯೇ.

ಮೊದಲ ಸಾಲಿನವರಿಗೆ ಒಂದು ಮಾತು. ಎಲ್ಲರೂ ಜೋರಾಗಿ ತುಳಿದರೂ ಮೊದಲ ನೂರರಲ್ಲಿ ನೂರು ಜನರೇ ಇರುತ್ತಾರೆ. ಉಳಿದ ಒಂಬೈನೂರು ಮಂದಿ ಎಲ್ಲಿಗೆ ಹೋಗಬೇಕು? ಇನ್ನು ಮೆಗಾವಲಾಂಶ್‌ನಲ್ಲಿ ಬಂದವರೆಲ್ಲ ಬಂದ ಹಾಗೆ ನಿಲ್ಲುವುದಿಲ್ಲ. ಮುಖ್ಯ ಓಟಕ್ಕೆ ಮುಂಚೆ ಅರ್ಹತಾ ಸುತ್ತು ಇರುತ್ತದೆ. ಯಾರು ಯಾವ ಓಟದಲ್ಲಿ, ಯಾವ ಸಾಲಿನಲ್ಲಿ ಎಂಬುದನ್ನು ಅಲ್ಲಿ ಬಂದ ಸ್ಥಾನವೇ ನಿರ್ಧರಿಸುತ್ತದೆ. ಅಷ್ಟು ಹುಚ್ಚು ಸ್ಪರ್ಧೆಯೂ ಸಾಲು ಹಚ್ಚಿಯೇ ಬಿಡುತ್ತದೆ.

ಈಗ ಕಡೆಯ ಗೇರು ಅವರ ಪ್ರಶ್ನೆಗೆ. ಜನಸಂಖ್ಯೆ ಅಷ್ಟು ಮುಖ್ಯವಲ್ಲ. ಬಾಟಲಿಯ ಕುತ್ತಿಗೆಯಂತೆ ದಾರಿ ಕಿರಿದಾಗುವ ಕಡೆ ನಿಮಿಷಕ್ಕೆ ಎಷ್ಟು ಜನ ದಾಟುತ್ತಾರೆ, ನಿಮಿಷಕ್ಕೆ ಎಷ್ಟು ಜನ ಬಂದು ಸೇರುತ್ತಾರೆ, ಈ ಎರಡನ್ನು ನೋಡಿದರೆ ಸಾಕು. ಎಲ್ಲರೂ ಸೈಕಲ್ ಮೇಲೆಯೇ ಹೋದರೆ ಬೇರಿನ ಏರಿನಂಥ ಕಡೆ ಒಬ್ಬೊಬ್ಬರಿಗೆ ಮೂರು ಸೆಕೆಂಡ್ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ ಇಪ್ಪತ್ತು ಜನ. ಸಾವಿರ ಜನಕ್ಕೆ ಐವತ್ತು ನಿಮಿಷ. ಇಳಿದು ತಳ್ಳತೊಡಗಿದರೆ ನಾಲ್ಕು ಸೆಕೆಂಡ್, ಅಂದರೆ ಸಾವಿರ ಜನಕ್ಕೆ ಅರವತ್ತೇಳು ನಿಮಿಷ. ಒಂದೇ ಒಂದು ಸೆಕೆಂಡಿನ ವ್ಯತ್ಯಾಸ ಎಷ್ಟು ದೂರ ಹಬ್ಬುತ್ತದೆ ನೋಡಿ. ನಾಲ್ಕು ಕಿಲೋಮೀಟರ್ ಜಲ್ಲಿ ರಸ್ತೆಯನ್ನು ಮೊದಲಿಗ ಹತ್ತು ನಿಮಿಷಕ್ಕೆ ಮುಗಿಸಿದರೆ ಕೊನೆಯವರು ಇಪ್ಪತ್ತೈದಕ್ಕೆ ಮುಗಿಸುತ್ತಾರೆ. ಹದಿನೈದೇ ನಿಮಿಷದಲ್ಲಿ ಎಲ್ಲರೂ ಬಾಗಿಲಿಗೆ ಬಂದರು, ಬಾಗಿಲು ದಾಟಲು ಬೇಕಾದದ್ದು ಅರವತ್ತೇಳು. ಕೊನೆಯವರಿಗೆ ಐವತ್ತೆರಡು ನಿಮಿಷ ಕಾಯುವುದು ಹಣೆಯಲ್ಲಿ ಬರೆದದ್ದೇ. ನಿಮ್ಮ ಮುಕ್ಕಾಲು ಗಂಟೆ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ನಕ್ಷೆ ಹಿಡಿದು ಕುಳಿತವರು ಇದನ್ನು ಮೊದಲೇ ಕಾಗದದ ಮೇಲೆ ಕಾಣಬಹುದಿತ್ತು.

ಪರಿಹಾರಗಳಲ್ಲಿ ಒಂದು, ಸಿಂಗಲ್‌ಟ್ರ್ಯಾಕ್‌ಗೆ ಮುನ್ನ ಉದ್ದನೆಯ, ಅಗಲವಾದ ಏರು ಇಡುವುದು. ಏರು ಗುಂಪನ್ನು ಬಿಡಿಸುತ್ತದೆ. ಸಮತಟ್ಟಾದ ದಾರಿ ಬಿಡಿಸುವುದಿಲ್ಲ, ಏಕೆಂದರೆ ಅಲ್ಲಿ ಒಬ್ಬರ ಗಾಳಿಮರೆಯಲ್ಲಿ ಇನ್ನೊಬ್ಬರು ಸುಲಭವಾಗಿ ಅಂಟಿಕೊಂಡು ಬರುತ್ತಾರೆ. ಇನ್ನೊಂದು ಬ್ಯಾಚ್. ಇನ್ನೂರು ಜನರ ಐದು ಬ್ಯಾಚ್, ನಡುವೆ ಹನ್ನೆರಡು ನಿಮಿಷ. ಯಾರೂ ಇಳಿಯದಿದ್ದರೆ ಒಂದು ಬ್ಯಾಚ್ ಆ ಮರಗಳನ್ನು ದಾಟಲು ಹತ್ತು ನಿಮಿಷ ಬೇಕು. ಮುಂದಿನದು ಬರುವ ಹೊತ್ತಿಗೆ ದಾರಿ ಖಾಲಿ. ಐದನೆಯ ಬ್ಯಾಚು ಮೊದಲನೆಯದರ ನಂತರ ನಲವತ್ತೆಂಟು ನಿಮಿಷಕ್ಕೆ ಹೊರಡುತ್ತದೆ. ಅಂದರೆ ಕಾಯುವುದು ಪೂರ್ತಿ ತಪ್ಪಲಿಲ್ಲ, ಕಾಯುವ ಜಾಗ ಬದಲಾಯಿತು: ಕಾಡಿನ ಬಾಯಲ್ಲಿ ಸೈಕಲ್ ಹಿಡಿದು ನಿಲ್ಲುವ ಬದಲು ಹೊರಡುವ ಮೊದಲೇ ಕಾಲು ಚಾಚಿ ಕುಳಿತಿರಬಹುದು. ಸಮಯ ಅಳೆಯುವ ಚಿಪ್ ಇದ್ದರೆ ನಿಮ್ಮ ಗಡಿಯಾರ ನೀವು ಗೆರೆ ದಾಟಿದಾಗ ಶುರುವಾಗುತ್ತದೆ.

ನಾರ್ವೆಯ ಬಿರ್ಕೆಬೈನರ್ ಸೈಕಲ್ ಸ್ಪರ್ಧೆಯಲ್ಲಿ ಪ್ರತಿಯೊಬ್ಬರೂ 3.5 ಕಿಲೋ ತೂಕದ ಬೆನ್ನುಚೀಲ ಹೊರಬೇಕೆಂಬ ವಿಚಿತ್ರ ನಿಯಮ ಬಹುಕಾಲ ಇತ್ತು. ಅಲ್ಲಿಯೂ ಸಾವಿರಾರು ಜನ, ಅಲ್ಲಿಯೂ ಬ್ಯಾಚ್ ಬ್ಯಾಚಾಗಿಯೇ ಬಿಡುವುದು. ಅಮೆರಿಕದ ಲೆಡ್‌ವಿಲ್ 100 ಸ್ಪರ್ಧೆಯಲ್ಲಿ ಎಲ್ಲರೂ ಒಂದೇ ಗುಂಡಿಗೆ ಹೊರಟರೂ ಹಿಂದಿನ ಸಮಯದ ಪ್ರಕಾರ ಬೇರೆಬೇರೆ ಗುಂಪುಗಳಲ್ಲಿ ನಿಲ್ಲಿಸುತ್ತಾರೆ. ಹಾಗೆಂದು ಅಲ್ಲಿ ಎಲ್ಲವೂ ಸುಸೂತ್ರ ಎಂದಲ್ಲ. ಹೋದ ದಾರಿಯಲ್ಲಿಯೇ ವಾಪಸ್ ಬರಬೇಕಾದ್ದರಿಂದ, ಸುಮಾರು 3,800 ಮೀಟರ್ ಎತ್ತರದ ಕೊಲಂಬೈನ್ ಏರಿನಲ್ಲಿ ಒಂದು ಬದಿ ಜನ ಸಾಲಾಗಿ ಸೈಕಲ್ ತಳ್ಳುತ್ತ ಹತ್ತುತ್ತಿದ್ದರೆ, ಇನ್ನೊಂದು ಬದಿ ಮುಂದಿನವರು ಬಾಣದಂತೆ ಇಳಿಯುತ್ತಿರುತ್ತಾರೆ.

ಚುಕ್ಕಿ ಹೆಲ್ಮೆಟ್ ಉತ್ತರಿಸಿದ್ದು:

ಲೆಕ್ಕ ಚೆನ್ನಾಗಿದೆ, ಆದರೆ ಬ್ಯಾಚ್ ಮಾಡಿದವರೂ ಒಂದು ಕಡೆ ಎಡವುತ್ತಾರೆ. "ನಿಮ್ಮ ಅಂದಾಜು ಸಮಯ ಬರೆಯಿರಿ" ಎಂದು ಕೇಳಿದರೆ ಅರ್ಧ ಜನ ಬರೆಯುವುದು ತಮ್ಮ ಆಸೆಯನ್ನು. ಮೊದಲ ಏರಿನಲ್ಲಿಯೇ ನಾಲಿಗೆ ಚಾಚುವವರು ಎರಡನೇ ಬ್ಯಾಚಿನಲ್ಲಿರುತ್ತಾರೆ. ಹಿಂದೆ ಮುಗಿಸಿದ ಸ್ಪರ್ಧೆಯ ಫಲಿತಾಂಶ ತೋರಿಸಬೇಕು, ಇಲ್ಲದವರು ಕೊನೆಯ ಬ್ಯಾಚು ಎಂಬ ನಿಯಮವೇ ಸರಿ. ಹೊಸಬರಿಗೆ ಅದರಿಂದ ಅವಮಾನವೇನೂ ಇಲ್ಲ. ನಾನಂತೂ ಬೇಕೆಂದೇ ಕೊನೆಯ ಬ್ಯಾಚು ಕೇಳಿ ಪಡೆಯುತ್ತೇನೆ. ಹಿಂದಿನಿಂದ ಯಾರೂ ಗದರುವುದಿಲ್ಲ, ಮುಂದಿನವರು ಒಬ್ಬೊಬ್ಬರಾಗಿ ಸಿಗುತ್ತಾರೆ.

ಗದರುವವರ ಬಗ್ಗೆ ಹೇಳಲೇಬೇಕು. ಮುಂದೆ ಎಂಬತ್ತು ಜನ ಸಾಲಾಗಿ ನಿಂತಿರುವುದು ಕಣ್ಣಿಗೆ ಕಾಣುತ್ತಿರುವಾಗ ಹಿಂದಿನಿಂದ "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗುವವರಿಗೆ ನಾನು ಬಿಟ್ಟರೆ ಸಿಗುವುದು ಒಂದು ಸೈಕಲಿನ ಉದ್ದ. ನಿಜವಾಗಿಯೂ ದಾಟಬಲ್ಲವರು ಶಾಂತವಾಗಿ "ನಿಮ್ಮ ಎಡಕ್ಕೆ ಬರುತ್ತೇನೆ, ಮುಂದಿನ ತಿರುವಿನ ನಂತರ" ಎನ್ನುತ್ತಾರೆ. ಎಲ್ಲಿ, ಯಾವ ಬದಿಗೆ ಎಂಬುದು ಗೊತ್ತಾದರೆ ಜಾಗ ಕೊಡುವುದು ಸುಲಭ. ಗಾಬರಿಯಲ್ಲಿ ಸರಿಯುವವರು ಬಹಳ ಸಲ ದಾಟುವವರು ಬರುತ್ತಿರುವ ಬದಿಗೇ ಸರಿಯುತ್ತಾರೆ.

ಮತ್ತೆ ಕೆಲವರು ಸಾಲು ಬಿಟ್ಟು ಪೊದೆಯೊಳಗೆ ಸೈಕಲ್ ಹೊತ್ತು ನುಗ್ಗುತ್ತಾರೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ನೆಲ ಒಣಗಿದ್ದಾಗ ಒಂದಿಷ್ಟು ಗಿಡ ತುಳಿದು ಹೋದೀತು. ಕೆಸರಿದ್ದರೆ ಒಬ್ಬರ ಹಿಂದೆ ಐವತ್ತು ಜನ ನುಗ್ಗಿ, ಎರಡಡಿಯ ಕಾಲುದಾರಿ ಸಂಜೆಯ ಹೊತ್ತಿಗೆ ರಸ್ತೆಯಷ್ಟು ಅಗಲವಾಗುತ್ತದೆ. ಅದು ಮತ್ತೆ ಮುಚ್ಚಿಕೊಳ್ಳಲು ವರ್ಷಗಳು ಬೇಕು. ಆ ಜಾಗದ ಒಡೆಯರು ಮುಂದಿನ ಸಲ ಅನುಮತಿ ಕೊಡದಿದ್ದರೆ ಅವರನ್ನು ದೂರಲಾಗದು.

ಸೈಕಲ್ ಉಳಿಸಿಕೊಳ್ಳುವ ಮಾತಿಗೆ ಬಂದರೆ, ಸಾಲಿನಲ್ಲಿ ನಿಂತಾಗ ಸೈಕಲಿನ ಬಲಬದಿಗೆ ನಾನು ನಿಲ್ಲುತ್ತೇನೆ. ಡಿರೇಲರ್ ಆ ಬದಿಗಿದೆ. ಬಡಿಯುವುದಾದರೆ ಅದಕ್ಕೆ ಮೊದಲು ನನ್ನ ಕಾಲಿಗೆ ಬಡಿಯಲಿ, ಹ್ಯಾಂಗರ್ ಬೇಗ ಬಾಗುತ್ತದೆ. ಹ್ಯಾಂಗರ್ ಆಯಾ ಫ್ರೇಮಿಗೆ ತಕ್ಕಂತೆ ಬೇರೆಬೇರೆ ಇರುತ್ತದೆ, ಇನ್ನೊಬ್ಬರದು ಕೇಳಿದರೆ ಸಾಮಾನ್ಯವಾಗಿ ಕೂರುವುದಿಲ್ಲ. ನಿಮ್ಮದೇ ಒಂದು ಚೀಲದಲ್ಲಿರಲಿ. ಗಾಳಿ ತಡೆಯುವ ತೆಳ್ಳನೆಯ ಅಂಗಿಯೂ ಬೇಕು: ಬೆವರಿ ಬಂದು ನೆರಳಿನಲ್ಲಿ ಅರ್ಧ ಗಂಟೆ ನಿಂತರೆ ನಡುಕ ಹತ್ತುತ್ತದೆ.

ಕಡೆಯ ಗೇರು ಮತ್ತೆ ಬರೆದದ್ದು:

ಬಿಳಿ ಬಾವುಟ ಅವರೇ, ನಿಮ್ಮ ಲೆಕ್ಕ ಓದಿ ಸಿಟ್ಟು ಇಳಿಯಿತು ಎನ್ನಲೇ, ಏರಿತು ಎನ್ನಲೇ ತಿಳಿಯುತ್ತಿಲ್ಲ. ನಾಲ್ಕು ಸಾಲಿನ ಗುಣಾಕಾರದಲ್ಲಿ ಕಾಣುವ ಸಂಗತಿಗೆ "ಅನಿರೀಕ್ಷಿತ ದಟ್ಟಣೆ" ಎಂಬ ಹೆಸರಿಟ್ಟು ಆಯೋಜಕರು ಮಿಂಚಂಚೆ ಕಳುಹಿಸಿದ್ದಾರೆ. ನೋಂದಣಿ ಮಾಡಿಸಿಕೊಂಡವರು ಅವರೇ, ನಮಗೆ ಸಂಖ್ಯೆ ಹಂಚಿದವರೂ ಅವರೇ. ಅನಿರೀಕ್ಷಿತವಾಗಿ ಬಂದವರು ಯಾರು?

ಮೊದಲ ಸಾಲಿನವರ ಮಾತಿನಲ್ಲಿ ಒಂದನ್ನು ಒಪ್ಪುತ್ತೇನೆ: ಗುಂಪಿನ ಸಂಭ್ರಮ ನಿಜ. ಅದು ಜಲ್ಲಿ ರಸ್ತೆಯಲ್ಲಿ ಇತ್ತು. ಕಾಡಿನೊಳಗೆ ಸೈಕಲ್ ಹಿಡಿದು ನಿಂತವರಲ್ಲಿ ಸಂಭ್ರಮಪಟ್ಟ ಒಬ್ಬರನ್ನೂ ನಾನು ಕಾಣಲಿಲ್ಲ.

ಆಯೋಜಕರಿಗೆ ಬರೆಯುವಾಗ "ಜನ ಕಡಿಮೆ ಮಾಡಿ" ಎಂದು ಕೇಳುವುದಿಲ್ಲ, ಕೇಳಿದರೂ ಮಾಡುವುದಿಲ್ಲ. ಫಲಿತಾಂಶ ನೋಡಿ ಬ್ಯಾಚ್ ಮಾಡಿ, ನಿಗದಿತ ಸಮಯವನ್ನು ಆಯಾ ಬ್ಯಾಚು ಹೊರಟ ಹೊತ್ತಿನಿಂದ ಎಣಿಸಿ ಎಂದು ಕೇಳುತ್ತೇನೆ. ಒಂದು ಅನುಮಾನ ಮಾತ್ರ ಉಳಿದಿದೆ. ಸಿಂಗಲ್‌ಟ್ರ್ಯಾಕ್‌ನ ಬಾಯಲ್ಲಿ ದಟ್ಟಣೆ ಇಲ್ಲದಿದ್ದರೂ ಒಳಗೆ ಯಾರಾದರೂ ಬಿದ್ದು ಗಾಯವಾದರೆ? ಆ ದಿನ ಒಬ್ಬರು ಭುಜ ಹಿಡಿದು ಕುಳಿತಿದ್ದರು. ಸ್ಟ್ರೆಚರ್ ಹೊತ್ತವರು ನಮ್ಮ ಸಾಲಿನ ವಿರುದ್ಧ ದಿಕ್ಕಿನಲ್ಲಿ ಬರಲು ಹೆಣಗುತ್ತಿದ್ದರು. ಸರಿಯಲು ನಮಗೂ ಜಾಗವಿರಲಿಲ್ಲ.

ಬಿಳಿ ಬಾವುಟ ಉತ್ತರಿಸಿದ್ದು:

ಅದನ್ನೂ ಬರೆಯಿರಿ, ಸಾಧ್ಯವಾದರೆ ಅದನ್ನೇ ಮೊದಲು ಬರೆಯಿರಿ. ಉದ್ದನೆಯ ಸಿಂಗಲ್‌ಟ್ರ್ಯಾಕ್ ಇದ್ದರೆ ನಡುನಡುವೆ ದಾಟಲು ಅಗಲದ ಜಾಗ ಇರಬೇಕು ಎಂಬುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ತನ್ನ ಕ್ರಾಸ್-ಕಂಟ್ರಿ ಸ್ಪರ್ಧೆಗಳಿಗೆ ಹಾಕಿಕೊಂಡ ನಿಯಮ. ಹವ್ಯಾಸಿ ಸ್ಪರ್ಧೆಗೆ ಅದು ಕಡ್ಡಾಯವಲ್ಲದಿದ್ದರೂ ನಕಲು ಮಾಡಲು ಯಾರೂ ಅಡ್ಡಿಪಡಿಸುವುದಿಲ್ಲ. ಆ ಅಗಲದ ಜಾಗಗಳೇ ಗಾಯಾಳುವನ್ನು ತರುವಾಗ ಸಾಲನ್ನು ಸರಿಸಿ ನಿಲ್ಲಿಸುವ ಜಾಗಗಳು.

ಇನ್ನೊಂದು ಕೇಳಿ. ಸಿಂಗಲ್‌ಟ್ರ್ಯಾಕ್ ಬಾಯಲ್ಲಿರುವ ಮಾರ್ಷಲ್‌ಗೆ ಸವಾರರನ್ನು ತಡೆದು ನಿಲ್ಲಿಸುವ ಅಧಿಕಾರ ಇದೆಯೇ, ಒಳಗಿರುವ ಮಾರ್ಷಲ್ ಜೊತೆ ಮಾತನಾಡಲು ವಾಕಿಟಾಕಿ ಇದೆಯೇ? ಕೆಲವು ಕಡೆ ನನಗೆ ಎರಡೂ ಇರಲಿಲ್ಲ. ಬಾವುಟ ಬೀಸಿದರೆ ಜನ ಕೈ ಬೀಸಿ ಮುಂದೆ ಹೋದರು.

ಚುಕ್ಕಿ ಹೆಲ್ಮೆಟ್ ಉತ್ತರಿಸಿದ್ದು:

ಪತ್ರ ಸಿದ್ಧವಾದ ಮೇಲೆ ಇಲ್ಲಿ ಹಾಕಿ, ಕಡೆಯ ಗೇರು ಅವರೇ. ನಾನು ಹೋದ ಸ್ಪರ್ಧೆಯ ಆಯೋಜಕರಿಗೂ ಹೆಸರು ಬದಲಿಸಿ ಅದನ್ನೇ ಕಳುಹಿಸುತ್ತೇನೆ.